ಗಾಳಿಗಿರಣಿಯಲ್ಲಿ ಬೀಸುವ ಹಾಡು

ಬೆಚ್ಚಗಿನ ಗೋವಿನಜೋಳದ ಹಿಟ್ಟು ಅಂಗೈಗೆ ಬಿದ್ದೊಡನೆ ಮಹಾದೇವಕ್ಕನ ಬಾಯಿಂದ ಬೀಸುವ ಹಾಡು ತಾನಾಗಿ ಹೊರಟಿತು. ಅಮೆರಿಕದ ಕೆರೊಲಿನಾದ ಒಂದು ದ್ವೀಪದಲ್ಲಿ ದುರಸ್ತಿಯಾಗಿ ಮತ್ತೆ ತಿರುಗುತ್ತಿದ್ದ ಹಳೆಯ ಗಾಳಿಗಿರಣಿಗೆ ಮಗಳು ಸಪ್ನಾ ಅವಳನ್ನೂ ಸೋದರಮಾವ ಈರಣ್ಣನನ್ನೂ ಕ್ಯಾರಿ ಪಟ್ಟಣದಿಂದ ಒಂದೇ ವ್ಯಾನಿನಲ್ಲಿ ಕರೆತಂದಿದ್ದಳು. ಹೆತ್ತವ್ವ ತೀರಿಕೊಂಡಾಗ ಮಣ್ಣಿಗೂ ಊರಿಗೆ ಬಾರದ ಈ ತಮ್ಮನೊಡನೆ ಮಹಾದೇವಕ್ಕ ಮಾತು ಬಿಟ್ಟು ವರ್ಷಗಳಾಗಿದ್ದವು.

“ಅವ್ವಾ, ಎಲ್ಲಾರೂ ನೋಡಾಕತ್ತಾರ,” ಸಪ್ನಾ ಕ್ಯಾಮ್‌ಕಾರ್ಡರ್ ಇಳಿಸಿದಳು.

ಹಾಡಿನ ಮುಂದಿನ ಸಾಲಿನಲ್ಲಿ ತಮ್ಮನ ಹೆಸರು ಹಾಕಿ ಹರಸಬೇಕು. ಮನೆಯ ಬೀಸುಕಲ್ಲಾಗಿದ್ದರೆ ಕೈ ನಿಲ್ಲಿಸಿದೊಡನೆ ಹಾಡೂ ನಿಲ್ಲುತ್ತಿತ್ತು. ಇಲ್ಲಿಯ ಕಲ್ಲನ್ನು ಗಾಳಿ ತಿರುಗಿಸುತ್ತಿತ್ತು. ಏನನ್ನು ಹಿಡಿದು ನಿಲ್ಲಿಸಬೇಕೋ ತಿಳಿಯದೆ ಅವಳು ಸುಮ್ಮನೆ ಕೈಯಾಡಿಸಿದಳು. ಹೆಸರು ಬಂದೇಬಿಟ್ಟಿತು.

ಬಾಗಿಲ ಬಳಿಯಿಂದ ಈರಣ್ಣ ಕೇಳಿದ: “ಅಕ್ಕಾ, ನನ್ನ ಕರದಿ ಏನು?”

ಕರೆದೆನೋ, ಹಾಡಿದೆನೋ, ಅವಳಿಗೇ ಗೊತ್ತಾಗಲಿಲ್ಲ.

“ಹೂಂ,” ಎಂದಳು.