ಮಾತು ಮುಗಿಯುವ ತನಕ

"ಮೂರು ವರ್ಷ ಆದ್ಮೇಲೆ ನಮ್ಮ ಸಂಘ ಎಲ್ಲಿರ್ಬೇಕು?" ಎಂದು ದೊಡ್ಡ ಕಾಗದದ ಮೇಲೆ ಬರೆದು, ಮಗಳು ಅದನ್ನು ಲೈಬ್ರರಿಯ ಹಿಂಬದಿ ಕೋಣೆಯ ಗೋಡೆಗೆ ಅಂಟಿಸಿದಳು. "ಎಲ್ರೂ ಒಂದೊಂದು ನಿಮಿಷದಲ್ಲಿ ಹೇಳ್ಬಿಡಿ. ಟೈಮಿಲ್ಲ."

ಒಂದು ನಿಮಿಷವಂತೆ! ಅದು ಉಗ್ಗುವವರ ಸಂಘ. ಅಲ್ಲಿ ಕೆಲವರಿಗೆ ತಮ್ಮ ಹೆಸರು ಹೇಳುವುದಕ್ಕೇ ಅಷ್ಟು ಹೊತ್ತು ಬೇಕು. ಆದರೆ ಅವಳ ಅವಸರಕ್ಕೂ ಕಾರಣವಿತ್ತು. ಸಂಘ ಭಾನುವಾರ ಸೇರುತ್ತಿದ್ದ ಆ ಕೋಣೆಗೆ ಬೇರೆಯವರೂ ಕಣ್ಣು ಹಾಕಿದ್ದರು. 'ಮುಂದಿನ ಯೋಜನೆ ಏನು ಅಂತ ತೋರಿಸಿ, ಇಲ್ಲಾಂದ್ರೆ ಖಾಲಿ ಮಾಡಿ' ಎಂದಿದ್ದ ಲೈಬ್ರರಿಯನ್ ಸಂಜೆ ಬರುವವರಿದ್ದರು. ಸಂಘ ಕಟ್ಟಿದ ಅಪ್ಪನಿಗೆ ಫೋಟೊಗಳಿಗೆ ಫ್ರೇಮ್ ಹಾಕಿ ಗೊತ್ತೇ ಹೊರತು ಯೋಜನೆ ಗೀಜನೆ ಗೊತ್ತಿಲ್ಲ. ಮಗಳಿಗೆ ಅದೇ ಉದ್ಯೋಗ. ದೊಡ್ಡ ದೊಡ್ಡ ಸಂಸ್ಥೆಗಳಿಗೆ ಗುರಿ, ದಾರಿ ಎಲ್ಲ ಬರೆದುಕೊಡುವವಳು ಅಪ್ಪನ ಸಂಘಕ್ಕೆ ಬರೆಯದೆ ಇರುತ್ತಾಳೆಯೇ?

ಅದೂ ಅಲ್ಲದೆ, ಮಾತು ಕಲಿತ ದಿನದಿಂದ ಅಪ್ಪನ ನಾಲಗೆ ಅವಳೇ. ಅಂಗಡಿಯಲ್ಲಿ, ಫೋನಿನಲ್ಲಿ, ಬಸ್ಸಿನಲ್ಲಿ ಅಪ್ಪ ಬಾಯಿ ತೆರೆದರೆ ಸಾಕು, ಉಳಿದದ್ದನ್ನು ಪಟಪಟನೆ ಹೇಳಿ ಮುಗಿಸುತ್ತಿದ್ದಳು. ಯಾರಾದರೂ ನಕ್ಕರೋ, ಅವರ ಕಥೆ ಮುಗಿದಂತೆಯೇ. ಅಪ್ಪ ಎಂದರೆ ಅವಳಿಗೆ ಅಷ್ಟು ಜೀವ.

ಬಟ್ಟೆ ಹೊಲಿಯುವ ಅಕ್ಕ ಮೊದಲು ಎದ್ದರು. "ನಮ್ಮ ಸಂಘ ಇ... ಇನ್ನೂ..."

"ಬೆಳೀಬೇಕು, ಅಲ್ವಾ ಅಕ್ಕ?" ಮಗಳು ಬರೆದೇಬಿಟ್ಟಳು.

ಎಲ್ಲರೂ ಟಪಟಪನೆ ಮೇಜು ಕುಟ್ಟಿದರು.

"ಏನಾಯ್ತು?"

"ಇನ್ನೊಬ್ಬರ ಮಾತು ಮು... ಮುಗಿಸಿದೋರು ಎಲ್ರಿಗೂ ಟೀ ಮಾಡ್ಬೇಕು. ಇಲ್ಲಿರೋದು ಅದೊಂದೇ ರೂಲ್ಸು," ಎಂದು ಅಕ್ಕ ನಕ್ಕರು.

"ಆಮೇಲೆ ಮಾಡ್ತೀನಿ ಬಿಡಿ. ಅಪ್ಪಾ, ನೀನು ಹೇಳು. ಈ ಸಂಘ ಇರೋದು ಯಾತಕ್ಕೆ?"

"ನಮ್ಮ ಉ... ಉಗ್ಗು..."

"ಹೋಗಿಸೋದಕ್ಕೆ!"

ಮತ್ತೆ ಟಪಟಪ. ಈ ಸಲ ಅಪ್ಪನೂ ಕುಟ್ಟಿದ. ಮಗಳು ಮುಖ ಊದಿಸಿಕೊಂಡು ಮೂಲೆಯ ಸ್ಟವ್ ಹತ್ತಿರ ಹೋದಳು. ಲೋಟ ಜೋಡಿಸಲು ಅಪ್ಪನೂ ಹಿಂದೆಯೇ ಬಂದ.

"ನಂಗೆ ಸ... ಸಕ್ಕರೆ..."

'ಬೇಡ' ಎನ್ನುವುದು ಅವಳ ನಾಲಗೆಯ ತುದಿಗೆ ಬಂದಿತ್ತು. ಹೋಟೆಲಿನ ಕೌಂಟರ್ ಎಟುಕದ ವಯಸ್ಸಿನಲ್ಲೇ 'ನಮ್ಮಪ್ಪಂಗೆ ಸಕ್ಕರೆ ಬೇಡಾ' ಎಂದು ಕೂಗುತ್ತಿದ್ದವಳು. ಆದರೆ ಹಿಂದೆ ಮೇಜಿನ ಸುತ್ತ ಕೈಗಳು ಕುಟ್ಟಲು ಕಾದಿದ್ದವು. ತುಟಿ ಕಚ್ಚಿಕೊಂಡು ನಿಂತಳು. ನೀರು ಕುದಿಯಿತು. ಅಪ್ಪನ ಗಂಟಲಲ್ಲಿ ಮಾತು ಇನ್ನೂ ತಿಣುಕುತ್ತಿತ್ತು.

"...ಎರಡು ಚಮಚ."

"ಎರಡಾ? ಯಾವಾಗಿಂದ ಅಪ್ಪಾ?"

"ಮೊ... ಮೊದಲಿಂದಾನೂ."

"ಅಯ್ಯೋ ನನ್ನ ಕರ್ಮವೇ! ಇಷ್ಟು ವರ್ಷ ಸಪ್ಪೆ ಟೀ ಕುಡಿದ್ಯಾ? ಹೇಳೋಕೇನಾಗಿತ್ತು ನಿಂಗೆ?"

ಅಪ್ಪ ನಿಧಾನವಾಗಿ ಹೇಳಿದ. ಅವಳು ಕಾದಳು. "ಇಷ್ಟೇ ಇಷ್ಟು ಇದ್ದೆ ನೀನು. ನಂಗೋಸ್ಕರ ಎ... ಎಲ್ರ ಹತ್ರ ಜಗಳಕ್ಕೆ ನಿಲ್ತಿದ್ದೆ. ನೋಡೋಕೆ ಚೆಂದ ಇತ್ತಮ್ಮ. ಟೀ ಹೇಗಿದ್ರೇನು?"

ಮಗಳಿಗೆ ನಗುವೂ ಬಂತು, ಅಳುವೂ ಬಂತು. ಮೂಗೊರೆಸಿಕೊಂಡು ಗೋಡೆಯ ಕಾಗದ ಕಿತ್ತು ಹೊಸದನ್ನು ಅಂಟಿಸಿದಳು. ಪೆನ್ನು ಕೆಳಗಿಟ್ಟು ಕೂತಳು. "ಈಗ ಹೇಳಪ್ಪಾ." ಅಪ್ಪ ಹೇಳಿದ, ಅಕ್ಕ ಹೇಳಿದರು, ಎಲ್ಲರೂ ಹೇಳಿದರು. ಲೋಟಗಳಲ್ಲಿ ಉಳಿದ ಟೀ ತಣ್ಣಗಾಯಿತು. ಸಂಜೆಯ ಹೊತ್ತಿಗೆ ಗೋಡೆಯ ಮೇಲಿದ್ದದ್ದು ಇಷ್ಟೇ: 'ನಮ್ಮ ಉಗ್ಗು ಇದ್ದರೆ ಇರಲಿ. ಮಾತು ಮುಗಿಯುವ ತನಕ ಕೇಳುವ ಜನ ಹೆಚ್ಚಬೇಕು. ಮೊದಲ ವರ್ಷ ಶಾಲೆ, ಎರಡನೇ ವರ್ಷ ಬ್ಯಾಂಕು, ಮೂರನೇ ವರ್ಷ ಆಸ್ಪತ್ರೆ. ಅಲ್ಲಿಗೆ ಹೋಗಿ ಕೇಳುವುದನ್ನು ಕಲಿಸುವುದು.'

ಅಷ್ಟರಲ್ಲಿ ಲೈಬ್ರರಿಯನ್ ಬೀಗದ ಕೈ ಗೊಂಚಲು ಆಡಿಸುತ್ತ ಒಳಗೆ ಬಂದರು. "ಏನು ತೀರ್ಮಾನ ಆಯ್ತ್ರೀ?"

ಅಪ್ಪ ಎದ್ದು ನಿಂತ. "ಸಾರ್, ನಾವು ಈ ಕೋ... ಕೋಣೆ..."

"ಬಿಟ್ಟುಕೊಡ್ತೀರಾ? ಒಳ್ಳೇದಾಯ್ತು ಬಿಡಿ."

ಯಾರೂ ಮೇಜು ಕುಟ್ಟಲಿಲ್ಲ. ಬೀಗದ ಕೈ ಇರುವವರ ಮುಂದೆ ಯಾರಿಗೆ ಧೈರ್ಯ ಬಂದೀತು? ಆಗ ಒಂದೇ ಒಂದು ಕೈ ಟಪಟಪನೆ ಕುಟ್ಟಿತು. ಮಗಳದು.

"ಸಾರ್, ನಮ್ಮಪ್ಪ ಇನ್ನೂ ಮಾತು ಮುಗಿಸಿಲ್ಲ. ಈಗ ಟೀ ನೀವು ಮಾಡ್ಬೇಕು."

ಲೈಬ್ರರಿಯನ್ ತಬ್ಬಿಬ್ಬಾದರು. ಅವಳನ್ನು ನೋಡಿದರು, ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಗೊಂಚಲನ್ನು ಮೇಜಿನ ಮೇಲಿಟ್ಟು ಅಂಗಿಯ ತೋಳು ಮಡಚಿಕೊಂಡರು.

"ಸಕ್ಕರೆ ಎಷ್ಟು ಹಾಕ್ಲಿ?"

ಮಗಳು ಬಾಯಿ ತೆರೆದಳು, ಮುಚ್ಚಿಕೊಂಡಳು. "ಎಷ್ಟು ಚಮಚ ಅಂತ ಅಪ್ಪನ್ನೇ ಕೇಳಿ ಸಾರ್," ಎಂದಳು. "ಕೇಳಿ, ಸ್ವಲ್ಪ ಕಾಯಿರಿ."