ಎರಡನೆಯ ಡಬ್ಬಿಯ ಗುಟ್ಟು

"ನೂರೊಂದು! ಬಂತು ನೋಡೇ, ಜ್ವರ ಬಂತು!"

ಗಡಿಯಾರ ರಿಪೇರಿಯ ಯಜಮಾನರು ಥರ್ಮಾಮೀಟರನ್ನು ಹೆಂಡತಿಯ ಮೂಗಿನ ಮುಂದೆ ಹಿಡಿದು, ಲಾಟರಿ ಹೊಡೆದವರಂತೆ ಹಿಗ್ಗಿದರು.

ಹಿಗ್ಗಿಗೆ ಕಾರಣವಿತ್ತು. ಅವರ ಬೆನ್ನಿನ ಮಚ್ಚೆಯೊಂದು ಚರ್ಮದ ಕ್ಯಾನ್ಸರ್ ಆಗಿ ಶ್ವಾಸಕೋಶದವರೆಗೂ ಹಬ್ಬಿತ್ತು. ಆಸ್ಪತ್ರೆಯಲ್ಲಿ ಹೊಸ ಚಿಕಿತ್ಸೆಯ ಪರೀಕ್ಷೆ ನಡೆದಿತ್ತು, ಇವರೂ ಸೇರಿದ್ದರು. ಮೊದಲ ಡಬ್ಬಿಯ ಮಾತ್ರೆ ಎಲ್ಲರಿಗೂ ಒಂದೇ. ಎರಡನೆಯ ಡಬ್ಬಿಯಲ್ಲಿ ಅರ್ಧ ಜನಕ್ಕೆ ಅದರ ಜೊತೆಮದ್ದು, ಉಳಿದವರಿಗೆ ಮದ್ದೇ ಇಲ್ಲದ ಸಪ್ಪೆ ಮಾತ್ರೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ. ಮುಚ್ಚಿದ್ದನ್ನು ಬಿಚ್ಚಿ ನೋಡದೆ ಬಿಡುವ ಜಾಯಮಾನವಲ್ಲ ಯಜಮಾನರದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮಾತ್ರೆಯನ್ನು ತಿರುಗಿಸಿ ನೋಡಿದರು, ನೆಕ್ಕಿಯೂ ನೋಡಿದರು. ಮಾತ್ರೆ ಬಾಯಿ ಬಿಡಲಿಲ್ಲ.

ಸುಳಿವು ಕೊಟ್ಟವನು ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕೂತಿದ್ದ ಬಸ್ ಡ್ರೈವರ್. "ಎರಡೂ ಮದ್ದು ಒಳಗೆ ಹೋದೋರಿಗೆ ಜ್ವರ ಜಾಸ್ತಿಯಂತೆ ಸಾರ್." ಅಂದಿನಿಂದ ಆರು ವಾರ ಯಜಮಾನರು ಜ್ವರದ ದಾರಿ ಕಾದಿದ್ದರು.

ಈಗ ಆಸ್ಪತ್ರೆಯಲ್ಲಿ ನರ್ಸ್ ಅವರ ರಕ್ತ ತೆಗೆದುಕೊಂಡು, ಕಾಗದ ತುಂಬುತ್ತಾ ಕೇಳಿದಳು. "ಮನೇಲಿ ಬೇರೆ ಯಾರಿಗಾದ್ರೂ ಜ್ವರ ಇದೆಯಾ?"

ಇದು ಬರೀ ಅಂಟುಜ್ವರವೂ ಆಗಿರಬಹುದೆಂದು ಯಜಮಾನರಿಗೆ ಹೊಳೆದೇ ಇರಲಿಲ್ಲ.

"ಇಲ್ಲಮ್ಮ, ಇವರೊಬ್ಬರಿಗೇ," ಎಂದರು ಹೆಂಡತಿ, ಸೆರಗನ್ನು ಬಿಗಿಯಾಗಿ ಹೊದ್ದುಕೊಳ್ಳುತ್ತಾ.

"ಹಾಗಾದ್ರೆ ಮದ್ದಿಂದ ಬಂದಿರಬಹುದು. ಖಾತ್ರಿ ಹೇಳಕ್ಕಾಗಲ್ಲ. ಜ್ವರ ಇಳಿಯೋ ತನಕ ಎರಡೂ ಡಬ್ಬಿ ಮುಟ್ಟಬೇಡಿ."

ಖಾತ್ರಿಯ ಮಾತು ಯಜಮಾನರ ಕಿವಿಗೆ ಬೀಳಲೇ ಇಲ್ಲ. "ನನ್ನದು ಸಪ್ಪೆಯಲ್ಲ ಕಣೇ!" ಎನ್ನುತ್ತಾ ಮೆಟ್ಟಿಲು ಇಳಿಯತೊಡಗಿದರು. ಕೊನೆಯ ಮೆಟ್ಟಿಲಲ್ಲಿ ಹೆಂಡತಿ ತುಸು ವಾಲಿದಂತಾಯಿತು. ಥಟ್ಟನೆ ಕೈ ಹಿಡಿದುಕೊಂಡರು.

ಆ ಕೈ ಅವರ ಕೈಗಿಂತ ಬಿಸಿಯಾಗಿತ್ತು.

ಯಜಮಾನರು ಜೇಬಿನಿಂದ ಥರ್ಮಾಮೀಟರ್ ತೆಗೆದರು. ಹೆಂಡತಿಯ ಮುಖ ನೋಡಿದರು. ಅದನ್ನು ಹಾಗೇ ಮತ್ತೆ ಜೇಬಿಗೆ ಇಳಿಸಿದರು.

"ಇವತ್ತು ಅಡುಗೆ ನಂದು. ಮನೆಗೆ ಹೋಗಿದ್ದೇ ನೀನು ಹೊದ್ದು ಮಲ್ಕೋ."

"ಚೆನ್ನಾಗಿದೆ! ಜ್ವರ ಬಂದಿರೋದು ನಿಮಗೆ, ಮಲಗೋದು ನಾನಾ?" ಎಂದು ಆಕೆ ನಕ್ಕರು. ನಗುವಿನ ನಡುವೆ ಹಲ್ಲುಗಳು ಕಟಕಟ ಎನ್ನುತ್ತಿದ್ದವು.