ಗೌರವ್ವನ ಉಡಿಯ ಕಲ್ಲು

ಗಾಂಧಿ ಚೌಕದ ನನ್ನ ಅಂಗಡಿಯಲ್ಲಿ ಹೊಸ ಜೋಳದ ಚೀಲ ಬಿಚ್ಚಿದಾಗ ಏಳುವ ಒಣ ಧೂಳಿನ ವಾಸನೆಗೆ, ಹೊಲದ ತಕರಾರು ಹೊತ್ತು ಬಂದ ಯಾರಿಗೋ ಸಲಹೆ ಹೇಳುತ್ತ ಕೂತಿದ್ದರೂ ನನ್ನ ಬಾಯಿ ಕಟ್ಟಿಬಿಡುತ್ತದೆ.

ನಾನು ಹುಡುಗನಾಗಿದ್ದಾಗ ಒಂದು ವರ್ಷ, ನಮ್ಮೂರು ಹೊನವಾಡದ ನಮ್ಮ ಹೊಲದಲ್ಲಿ ಜೋಳದ ಕೊಯ್ಲು ಮುಗಿದಿತ್ತು. ಕೊಯ್ದ ಮೇಲೆ ನೆಲದಲ್ಲಿ ಉಳಿದ ತೆನೆ, ಹಕ್ಕಲು ಆಯುವ ಬಡವರದ್ದು. ಅದು ಊರ ಪದ್ಧತಿ. ಹಾಗೆ ಆಯುತ್ತಿದ್ದ ಗೌರವ್ವನಿಗೆ, ಹಿಂದಿನ ದಿನ ಆಕಾಶದಿಂದ ಗುಡುಗುತ್ತ ಬಿದ್ದಿದ್ದ ಉಲ್ಕೆಯ ಕಲ್ಲು ಸಿಕ್ಕಿತು. ಸೀದ ರೊಟ್ಟಿಯಂತೆ ಕಪ್ಪು, ಮುಷ್ಟಿಯಷ್ಟು ಗಾತ್ರ, ಭಾರ ಮಾತ್ರ ವಿಪರೀತ. ಸುದ್ದಿ ಕೇಳಿದ ಅಪ್ಪ ಅವಳನ್ನು ಅಂಗಳಕ್ಕೆ ಕರೆಸಿದ.

“ಹೊಲದ ಉತಾರದಾಗ, ಸರಕಾರಿ ಕಾಗದದಾಗ, ಹೆಸರು ನಂದೈತಿ. ಕಲ್ಲೂ ನಂದ.”

“ಉತಾರದಾಗ ಮುಗಿಲೂ ಬರದಾರೇನ್ರಿ ಯಪ್ಪಾ?” ಗೌರವ್ವ ನಕ್ಕಳು. “ನೀವು ಬಿತ್ತಿದ ತೆನಿನ ನನಗ ಬಿಡ್ತೀರಿ. ಬಿತ್ತಲಾರದ ಕಲ್ಲಿಗೆ ಯಾಕ್ರಿ ಜಗಳ?”

ನನಗೂ ನಗು ಬಂತು. ಅಪ್ಪ ನಗಲಿಲ್ಲ. “ಹಂಗಾದ್ರ ನಾಳಿಂದ ನನ್ನ ಹೊಲದಾಗ ಕಾಲಿಡಬ್ಯಾಡ” ಎಂದವನು ನನ್ನತ್ತ ತಿರುಗಿದ. “ನೋಡಿ ಕಲಿ ಲೇ, ಮಾತು ಹಿಂಗ ಮುಗಸಬೇಕು.”

ಗೌರವ್ವ ಉಡಿ ಬಿಚ್ಚಿದಳು. ಕಲ್ಲಿನ ಜೊತೆ ದಿನವಿಡೀ ಆಯ್ದ ತೆನೆಗಳೂ ನನ್ನ ಕಾಲ ಬಳಿ ಬಿದ್ದವು.

“ಇವೂ ನಿಮ್ಮ ಹೊಲದ್ವ ಅದಾವ್ರಿ.”

“ತೆನಿ ಒಯ್ಯ ಬೇ ಗೌರವ್ವಾ” ಎಂದು ಅವ್ವ ಬಾಗಿಲಿನಿಂದ ಕೂಗಿದಳು. ಗೌರವ್ವ ತಿರುಗಿ ನೋಡದೆ ಹೊರಟುಹೋದಳು.

ಅಪ್ಪ ಕಲ್ಲನ್ನು ಧೋತರದ ಚುಂಗಿನಿಂದ ಒರೆಸುತ್ತ ಒಳಗೆ ನಡೆದ. “ತೆನಿ ಆರಿಸಿಡು ಲೇ.”

ನಮ್ಮದೇ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ನಾನು ಹಕ್ಕಲು ಆಯ್ದೆ. ಅವ್ವ ಇನ್ನೂ ಬಾಗಿಲಲ್ಲೇ ನಿಂತಿದ್ದಳು, ನನಗೆ ತಲೆ ಎತ್ತಿ ಅವಳನ್ನು ನೋಡಲಾಗಲಿಲ್ಲ.